ಹೋಗದೇ ಉಳಿದ ಕೆಲಸ, ಆಡಿಬಿಟ್ಟ ಮಾತು

ನಿದ್ದೆ ಬರ್ತಿಲ್ಲ ಅಂತ ಆಪ್ತಸಲಹೆಗೆ ನನ್ನ ಹತ್ತಿರ ಬಂದವರು. ವಯಸ್ಸು 56. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮನೆಯಿದೆ, ಸಂಬಳವಿದೆ, ಆರೋಗ್ಯವೂ ಪರವಾಗಿಲ್ಲ. ‘ಎಲ್ಲ ಇದ್ದು ಏನು ಬಂತು ಮೇಡಂ? 25 ವರ್ಷದ ಹಿಂದೆ ಒಂದು ತಪ್ಪು ಮಾಡಿದೆ. ಅಲ್ಲಿಗೆ ನನ್ನ ಕಥೆ ಮುಗೀತು’ ಅಂದರು.

ವಿದೇಶದಲ್ಲಿ ಕೆಲಸ ಸಿಕ್ಕಿತ್ತು. ಇವರು ಹೋಗಲಿಲ್ಲ, ಜೊತೆಯವನು ಹೋದ. ಈಗ ರಾತ್ರಿ ಮಲಗಿದಲ್ಲೇ ಮೊಬೈಲ್‌ನಲ್ಲಿ ಅವನ ಫೋಟೋ ನೋಡುತ್ತಾರೆ. ಮರೆಯಬೇಕು ಅಂತ ಹಟ ತೊಟ್ಟಷ್ಟೂ ನೆನಪು ಜಾಸ್ತಿಯಾಗುತ್ತದಂತೆ. ಆಗದೇ ಇರುತ್ತಾ? 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರೆ, ಜನ ಮತ್ತೆ ಮತ್ತೆ ಗಂಟೆ ಬಾರಿಸಿದರು.

ಹಾಗಾಗಿ ಮರೆಯಿರಿ ಅನ್ನಲಿಲ್ಲ. ಆ ಕೆಲಸದ ಪತ್ರ ಇನ್ನೂ ಇದೆಯಾ ಅಂತ ಕೇಳಿದೆ. ಇತ್ತು. ಮಡಚಿದ ಕಡೆ ಹರಿದು, ಟೇಪ್ ಹಚ್ಚಿತ್ತು. ಗಟ್ಟಿಯಾಗಿ ಓದಿ ಅಂದೆ. ‘15 ದಿನದೊಳಗೆ ಉತ್ತರ ತಿಳಿಸಿ’ ಅನ್ನುವ ಸಾಲಿಗೆ ಬಂದು ನಿಂತರು. ಆ 15 ದಿನ ಮನೆಯಲ್ಲಿ ಏನಾಗುತ್ತಿತ್ತು? ಅಪ್ಪನಿಗೆ ಪಾರ್ಶ್ವವಾಯು ಹೊಡೆದಿತ್ತು. ಹೆಂಡತಿ ಬಸುರಿ. ಕೈಯಲ್ಲಿ ಹಣವಿಲ್ಲ.

ಒಂದು ಹಾಳೆಯ ಮಧ್ಯೆ ಗೆರೆ ಎಳೆಸಿದೆ. ಎಡಕ್ಕೆ ಆಗ ಗೊತ್ತಿದ್ದದ್ದು, ಬಲಕ್ಕೆ ಆಮೇಲೆ ಗೊತ್ತಾದದ್ದು. ಆ ಕಂಪನಿ ಬೆಳೆದದ್ದು, ಗೆಳೆಯ ಮೇಲೆ ಬಂದದ್ದು, ಅಪ್ಪ ಚೇತರಿಸಿಕೊಂಡದ್ದು, ತಮ್ಮನ್ನು ತಾವು ಬೈದುಕೊಳ್ಳಲು ಬಳಸುತ್ತಿದ್ದ ಪ್ರತಿಯೊಂದೂ ಬಲಗಡೆಯೇ ಬಿತ್ತು. ಫಲ ಗೊತ್ತಾದ ಮೇಲೆ ‘ಇದು ಮೊದಲೇ ತಿಳಿಯಬೇಕಿತ್ತು’ ಅನ್ನಿಸುವುದನ್ನು ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಇನ್ನೊಂದು ವಿಷಯ. ಮಾಡಿದ ಕೆಲಸಕ್ಕೆ ಒಳ್ಳೆಯದೋ ಕೆಟ್ಟದ್ದೋ ಒಂದು ಫಲ ಅಂತ ಇರುತ್ತದೆ. ಮಾಡದೇ ಬಿಟ್ಟದ್ದಕ್ಕೆ ಬರೀ ಕಲ್ಪನೆ. ಇವರ ಕಲ್ಪನೆಯ ವಿದೇಶದಲ್ಲಿ ಕೆಲಸ ಹೋಗುವುದಿಲ್ಲ, ಯಾರಿಗೂ ಕಾಯಿಲೆ ಬರುವುದಿಲ್ಲ!

ಇಷ್ಟಕ್ಕೇ ಮುಗಿದಿದ್ದರೆ ಸುಲಭವಿತ್ತು. ಒಂದು ದಿನ ಅವರ ಹೆಂಡತಿಯೂ ಬಂದರು. ‘ಯಾವ ಖರ್ಚಿನ ಮಾತು ಬಂದರೂ ಅದೇ ಎತ್ತುತ್ತಾರೆ. ನೀನು ಬಸುರಿಯಾಗಿದ್ದಕ್ಕೇ ನಾನು ಇಲ್ಲಿ ಕೊಳೆಯೋ ಹಾಗಾಯ್ತು ಅಂತಾರೆ. ಮಗಳ ಎದುರಿಗೇ.’ ಆಗ ಹೊಟ್ಟೆಯಲ್ಲಿದ್ದದ್ದು ಅದೇ ಮಗಳು. ಅಪ್ಪ ಸೋತದ್ದು ತನ್ನಿಂದ ಅಂತ ಕೇಳಿಕೊಂಡೇ ಬೆಳೆದವಳು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ. ‘ನಿಮ್ಮನ್ನು ನೀವು ಕ್ಷಮಿಸಿಕೊಳ್ಳಿ’ ಅನ್ನೋ ಸಲಹೆ ಎಲ್ಲರ ಬಾಯಲ್ಲೂ ಇದೆ. ಕೇಳೋಕೆ ಹಿತ, ಆದರೆ ಎಲ್ಲದಕ್ಕೂ ಸಲ್ಲುವುದಿಲ್ಲ. ಹೋಗದೇ ಉಳಿದದ್ದು ತಪ್ಪೇ ಅಲ್ಲ, ಅದಕ್ಕೆ ಕ್ಷಮೆ ಯಾಕೆ? ಆಡಿದ ಮಾತು ತಪ್ಪು. ಅದನ್ನು ಅವರೊಳಗೇ ಕ್ಷಮಿಸಿಕೊಂಡು ಮುಗಿಸುವ ಹಾಗಿಲ್ಲ, ನೋವುಂಡವರು ಪಕ್ಕದ ಕೋಣೆಯಲ್ಲೇ ಇದ್ದಾರಲ್ಲ.

ಕೊಟ್ಟ ಸಲಹೆ ಇಷ್ಟು. ಮೊಬೈಲ್ ಮಲಗುವ ಕೋಣೆಗೆ ಬರಬಾರದು. ಸಂಜೆ ಅರ್ಧ ಗಂಟೆ, ಒಂದೇ ಜಾಗದಲ್ಲಿ ಕೂತು ಕೊರಗನ್ನೆಲ್ಲ ಬರೆಯಿರಿ. ರಾತ್ರಿ ಬಂದರೆ ‘ನಾಳೆ ಸಂಜೆ ನೋಡೋಣ’ ಅಂದುಕೊಳ್ಳಿ. ಹೆಂಡತಿ, ಮಗಳು ಇಬ್ಬರ ಹತ್ತಿರವೂ ತಪ್ಪೊಪ್ಪಿಕೊಳ್ಳಿ, ಬೇರೆ ಬೇರೆಯಾಗಿ. ‘ಆದರೆ ನನ್ನ ಪರಿಸ್ಥಿತಿ...’ ಅಂತ ಶುರು ಮಾಡಬೇಡಿ. ಕ್ಷಮಿಸು ಅಂತ ಒತ್ತಾಯವೂ ಬೇಡ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ ಅನ್ನುವವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಬದುಕು ಬೇಡ ಅನ್ನಿಸಿದರೆ ಎರಡು ವಾರ ಕಾಯುವುದೂ ಇಲ್ಲ. ಇವರಿಗೆ ಅದೇನೂ ಇರಲಿಲ್ಲ.

ಹೆಂಡತಿ ‘ಸರಿ, ಇನ್ಮೇಲೆ ಅನ್ನಬೇಡಿ’ ಅಂದು ಎದ್ದು ಹೋದರಂತೆ. ಇವರಿಗೆ ನಿರಾಸೆ. ಇನ್ನೇನೋ ನಿರೀಕ್ಷೆಯಿತ್ತು ಅಂತ ಕಾಣುತ್ತೆ. ಆದರೂ ತಿಂಗಳುಗಳಿಂದ ಆ ಮಾತು ಎತ್ತಿಲ್ಲ, ಹೆಂಡತಿಯೇ ಹೇಳಿದರು. ಮಗಳು ಇನ್ನೂ ಉತ್ತರ ಕೊಟ್ಟಿಲ್ಲ. ತಾನೂ ಯಾರ ಜೊತೆಗಾದರೂ ಮಾತಾಡಬೇಕು ಅಂದಳಂತೆ, ಅಪ್ಪನ ಜೊತೆಯಲ್ಲಲ್ಲ, ಒಬ್ಬಳೇ. ಬೇರೊಬ್ಬ ಸಲಹೆಗಾರರ ವಿಳಾಸ ಕೊಟ್ಟಿದ್ದೇನೆ. ನಾನು ಅಪ್ಪನ ಕಡೆಯವಳು ಅಂತ ಅವಳಿಗೆ ಅನ್ನಿಸಬಾರದಲ್ಲ.