ನೆಂಟರಿಗೆ ಕಾಣದ ಸಂಜೆ

(ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಅತ್ತೆಯವರಿಗೆ ಮರೆವಿನ ಕಾಯಿಲೆ. ಸಂಜೆಯಾದರೆ, ಎಂದೋ ತೀರಿಕೊಂಡ ಮಾವನವರು ಅಡಿಕೆ ಮಂಡಿಯಿಂದ ಬಂದರೇ ಎಂದು ಕೇಳುತ್ತಾರೆ. 'ಬರ್ತಾರೆ' ಎಂದು ಸುಳ್ಳು ಹೇಳುವುದು ತಪ್ಪೇ ಎಂಬುದು ಪತ್ರದ ಪ್ರಶ್ನೆ. ಹಬ್ಬಕ್ಕೆ ಬರುವ ನಾದಿನಿಯರು 'ಅಮ್ಮ ಚೆನ್ನಾಗೇ ಇದ್ದಾಳಲ್ಲ, ವಯಸ್ಸಾದ್ಮೇಲೆ ಇದೆಲ್ಲ ಇದ್ದಿದ್ದೇ' ಎನ್ನುತ್ತಾರೆಂಬ ನೋವೂ ಅದರಲ್ಲಿದೆ.)

ಮಾನ್ಯರೇ,

ನಾದಿನಿಯರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮನ್ನು ಹೆಚ್ಚು ನೋಯಿಸಿರುವುದು ಅದೇ ಎಂದು ತೋರುತ್ತದೆ. ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ, ಇರುವವರು ನೆಂಟರೆದುರು ಒಂದೆರಡು ಗಂಟೆ ಸರಿಯಾಗಿಯೇ ಮಾತನಾಡುವುದುಂಟು. ಬೆಳಗಿನ ತಿಂಡಿ ನೆನಪಿರದಿದ್ದರೂ ಹಳೆಯ ಸಂಗತಿಗಳು, 'ಊಟ ಮಾಡ್ಕೊಂಡೇ ಹೋಗಿ' ಎನ್ನುವ ಉಪಚಾರ ಬಹುಕಾಲ ಉಳಿದಿರುತ್ತವೆ. ಮಧ್ಯಾಹ್ನದ ಬಸ್ಸಿಗೆ ಹೊರಡುವವರಿಗೆ ಕಾಣುವುದು ಅಷ್ಟೇ. ಕತ್ತಲಾಗುತ್ತಲೇ ಎಲೆಯಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು 'ನಮ್ಮನೆಗೆ ಹೋಗ್ತೀನಿ' ಎಂದು ಅಂಗಳಕ್ಕಿಳಿಯುವ ಅತ್ತೆಯವರನ್ನು ಅವರು ಕಂಡೇ ಇಲ್ಲ.

ಇನ್ನು 'ವಯಸ್ಸಾದ್ಮೇಲೆ ಇದ್ದಿದ್ದೇ' ಎಂಬ ಮಾತು ಸರಿಯಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಈ ಕಾಯಿಲೆ ಇದೆ, ಉಳಿದವರಿಗೂ ವಯಸ್ಸಾಗಿದೆಯಲ್ಲ! ವಾದಕ್ಕಿಳಿಯಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬೇರೆ ವೈದ್ಯರಲ್ಲಿಗೋ ಮುಂದಿನ ಸಲ ನಾದಿನಿಯರಲ್ಲೊಬ್ಬರೇ ಕರೆದೊಯ್ಯಲಿ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಆಗಿಲ್ಲವೆಂದು ಬರೆದಿದ್ದೀರಿ, ಅದನ್ನೂ ಮಾಡಿಸಲಿ. ಆ ಕೊರತೆಗಳಿಂದಲೂ ಮರೆವು ಬರಬಹುದು, ಅವಕ್ಕೆ ಔಷಧವಿದೆ. ಆಮೇಲೆ ಅವರು ನಾಲ್ಕು ದಿನ ನಿಮ್ಮ ಮನೆಯಲ್ಲೇ ಬಂದಿರಲಿ, ನೀವು ತವರಿಗೆ ಹೋಗಿ ಬನ್ನಿ. ಅತ್ತೆಯವರನ್ನು ಅವರ ಮನೆಗೆ ಕಳುಹಿಸಿದರೆ ಹೊಸ ಜಾಗದಲ್ಲಿ ಗೊಂದಲ ಹೆಚ್ಚೀತು. ಸಂಕೋಚಪಟ್ಟು ಸೂಚ್ಯವಾಗಿ ಕೇಳಿದರೆ ಯಾರೂ ಬರುವುದಿಲ್ಲ, ದಿನಾಂಕ ಗೊತ್ತುಮಾಡಿ ಕೇಳಿ.

ಸುಳ್ಳಿನ ಪ್ರಶ್ನೆಗೆ ಬಂದರೆ, ಮಾವನವರು ತೀರಿಕೊಂಡಿದ್ದಾರೆಂದು ದಿನವೂ ನೆನಪಿಸುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ. ಅವರ ಪಾಲಿಗೆ ಅದು ಪ್ರತಿ ಸಂಜೆಯೂ ಹೊಸ ಸಾವು. ಹೇಳಿದ್ದು ಮರೆತುಹೋಗುತ್ತದೆ, ದುಃಖ ಮಾತ್ರ ಉಳಿದುಬಿಡುತ್ತದೆ. ಆದರೆ 'ಬರ್ತಾರೆ' ಎಂದರೆ ಬಾಗಿಲು ಕಾಯುತ್ತಾ ಕೂರುತ್ತಾರೆಂದು ನೀವೇ ಬರೆದಿದ್ದೀರಿ. ಅದರ ಬದಲು 'ಮಂಡಿಯಿಂದ ಬರುವಾಗ ಮಾವ ಏನು ತರ್ತಿದ್ರು ಅತ್ತೆ?' ಎಂದು ಕೇಳಿ ನೋಡಿ. ಅವರಿಗೆ ಬೇಕಾಗಿರುವುದು ಮಾವನವರ ಮಾತು. ಅದಕ್ಕೆ ಸುಳ್ಳಿನ ಅಗತ್ಯವೇ ಬೀಳದಿರಬಹುದು.

ಮಳೆಗಾಲದಲ್ಲಿ ನಮ್ಮ ಕಡೆ ನಾಲ್ಕು ಗಂಟೆಗೇ ಮಬ್ಬು ಕವಿಯುವುದರಿಂದ, ತಳಮಳ ಶುರುವಾಗುವ ಮೊದಲೇ ದೀಪ ಹಾಕಿ, ಕರೆಂಟು ಹೋದರೆ ಚಾರ್ಜಿನ ದೀಪವಿರಲಿ. ಮೊರದಲ್ಲಿ ಒಂದಿಷ್ಟು ಅಡಿಕೆ ಕೊಟ್ಟು ಆರಿಸಲು ಕೂರಿಸಿ, ಮೆಟ್ಟುಗತ್ತಿಯನ್ನು ಮಾತ್ರ ಎತ್ತಿಡಿ. ಬಾವಿಗೆ ಮುಚ್ಚಳ, ದಣಪೆಗೆ ಕೈಗೆಟುಕದ ಅಗುಳಿ ಬೇಕೇ ಬೇಕು. ಎರಡು ಮೂರು ದಿನಗಳಲ್ಲೇ ಗೊಂದಲ ವಿಪರೀತವಾದರೆ ಮರೆವು ಹೆಚ್ಚಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕಿನಿಂದಲೂ ವಯಸ್ಸಾದವರಿಗೆ ಹಾಗಾಗುತ್ತದೆ.

ನಿಮ್ಮ ನಿದ್ದೆಯ ಬಗ್ಗೆ ಪತ್ರದ ಕೊನೆಗೆ ಒಂದೇ ಸಾಲು ಬರೆದಿದ್ದೀರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿ ಅತ್ತೆಯವರ ವಿಷಯಕ್ಕಿಂತ ಮೊದಲು ನಿಮ್ಮದನ್ನು ಹೇಳಿ.

— ಸಂ.