ಹಳೆಯ ರಿವಿಷನ್‌ಗಳನ್ನು ಅಳಿಸಿಬಿಡಲೇ?

ಪ್ರಶ್ನೆ: ಉಡುಪಿಯ ಹಬ್ಬ, ಊಟ, ಬೀಚುಗಳ ಬಗ್ಗೆ ನಾನು ಮತ್ತು ತಂಗಿ ಸೇರಿ ಒಂದು ವರ್ಡ್‌ಪ್ರೆಸ್ ಸೈಟ್ ನಡೆಸುತ್ತೇವೆ. ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಬಗ್ಗೆ ಬರೆದ ಲೇಖನವೊಂದನ್ನು 2022ರಿಂದ ತಿದ್ದುತ್ತಲೇ ಇದ್ದೇವೆ. ಸೇವ್ ಮಾಡಿದಾಗಲೆಲ್ಲ ಉಳಿಯುವ ಹಳೆಯ ಪ್ರತಿಗಳು, ಅಂದರೆ ರಿವಿಷನ್‌ಗಳು, ಈಗ ಅದಕ್ಕೆ 87 ಇವೆ. ಸೈಟ್ ನಿಧಾನವಾಗಿರುವುದು ಇದರಿಂದಲೇ, ಎಲ್ಲ ಅಳಿಸಿ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಈ ನಡುವೆ ತಂಗಿ ತಿದ್ದುವಾಗ ನಾನು ಬರೆದ ಒಂದು ಪ್ಯಾರಾ ಹೋಗಿಬಿಟ್ಟಿದೆ. ಏನು ಮಾಡಲಿ?
– ಓದುಗರು, ಉಡುಪಿ

ಉತ್ತರ: ಅವಸರ ಮಾಡಬೇಡಿ ಮಾರಾಯ್ರೆ. ಮೊದಲು ಪ್ಯಾರಾ ಹುಡುಕಿ, ಅಳಿಸುವ ಮಾತು ಆಮೇಲೆ.

ಲೇಖನವನ್ನು ಎಡಿಟರ್‌ನಲ್ಲಿ ತೆರೆದು ‘ರಿವಿಷನ್ಸ್’ ಒತ್ತಿ. ಅಲ್ಲಿರುವ ಸ್ಲೈಡರನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ತೆಗೆದ ಸಾಲುಗಳು ಕೆಂಪಿನಲ್ಲಿ, ಸೇರಿಸಿದ್ದು ಹಸಿರಿನಲ್ಲಿ ಕಾಣುತ್ತದೆ. ಯಾರು, ಯಾವಾಗ ತಿದ್ದಿದ್ದು ಎಂಬುದೂ ಗೊತ್ತಾಗುತ್ತದೆ. ನಿಮ್ಮ ಪ್ಯಾರಾ ಸಿಕ್ಕಿದ ಕೂಡಲೇ ‘ರಿಸ್ಟೋರ್’ ಒತ್ತುವ ಆಸೆಯಾಗುತ್ತದೆ. ಬೇಡ. ರಿಸ್ಟೋರ್ ಮಾಡಿದರೆ ಲೇಖನ ಪೂರ್ತಿ ಆ ದಿನಕ್ಕೆ ಹಿಂದೆ ಹೋಗುತ್ತದೆ, ಆಮೇಲೆ ತಂಗಿ ಸರಿಪಡಿಸಿದ್ದೂ ಪುಟದಿಂದ ಹೋಗುತ್ತದೆ. ಅದೂ ರಿವಿಷನ್‌ನಲ್ಲಿ ಉಳಿದಿರುತ್ತದೆ, ನಿಜ, ಆದರೆ ಸುಮ್ನೆ ಎರಡು ಕೆಲಸ. ಬೇಕಾದ ಪ್ಯಾರಾ ಮಾತ್ರ ಕಾಪಿ ಮಾಡಿ ಈಗಿನ ಲೇಖನಕ್ಕೆ ಹಾಕಿ. ಸುತ್ತ ಕೋಡ್ ಚಿಹ್ನೆಗಳು ಕಂಡರೆ ಅವನ್ನು ಬಿಟ್ಟು ಅಕ್ಷರಗಳನ್ನಷ್ಟೇ ತೆಗೆದುಕೊಳ್ಳಿ.

ಇನ್ನು ಸೈಟ್ ನಿಧಾನದ ಮಾತು. ರಿವಿಷನ್‌ಗಳು ಡೇಟಾಬೇಸ್‌ನಲ್ಲಿ ಜಾಗ ಹಿಡಿಯುತ್ತವೆ, ಆದರೆ ಓದುಗರು ಪುಟ ತೆರೆದಾಗ ಅವು ಲೋಡ್ ಆಗುವುದಿಲ್ಲ. 87 ಅಂದರೆ ಏನೂ ಅಲ್ಲ. ಮೊಬೈಲಿನಲ್ಲಿ ತೆಗೆದ ದೊಡ್ಡ ಫೋಟೊಗಳನ್ನು ಹಾಗೇ ಹಾಕಿದ್ದೀರಾ, ಬೇಡದ ಪ್ಲಗಿನ್ ಎಷ್ಟಿವೆ, ಅದನ್ನು ನೋಡಿ. ನನ್ನ ಅನುಮಾನ ಅಲ್ಲೇ.

ವರ್ಡ್‌ಪ್ರೆಸ್ ತಾನಾಗಿ ರಿವಿಷನ್‌ಗಳಿಗೆ ಮಿತಿ ಹಾಕುವುದಿಲ್ಲ. ಬೇಕಿದ್ದರೆ ಸೈಟಿನ ಸೆಟ್ಟಿಂಗ್ ಇರುವ ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲಿ ಲೇಖನಕ್ಕೆ 20 ಅಥವಾ 30 ಎಂದು ಮಿತಿ ಹಾಕಿಸಿ, ಹೋಸ್ಟಿಂಗ್ ನೋಡಿಕೊಳ್ಳುವವರಿಗೆ ಇದು ಗೊತ್ತಿರುತ್ತದೆ. ಸೊನ್ನೆ ಹಾಕಿಸಬೇಡಿ, ಹಾಕಿದರೆ ಹಳೆಯ ಪ್ರತಿ ಉಳಿಯುವುದೇ ಇಲ್ಲ. ಮಿತಿ ಹಾಕಿದ ಮೇಲೆ ಲೇಖನವನ್ನು ಮತ್ತೆ ಸೇವ್ ಮಾಡಿದಾಗ ಹೆಚ್ಚಾದ ಹಳೆಯವು ತಾನಾಗಿ ಹೋಗುತ್ತವೆ, ಮರಳಿ ಬರುವುದಿಲ್ಲ. ಪ್ಯಾರಾ ಮೊದಲು ಎಂದಿದ್ದು ಅದಕ್ಕೇ. ಬ್ಯಾಕಪ್ ಒಂದು ಇರಲಿ.

ರಿವಿಷನ್‌ನಲ್ಲಿ ಉಳಿಯುವುದು ಮುಖ್ಯವಾಗಿ ತಲೆಬರಹ, ಬರಹ ಮತ್ತು ಸಾರಾಂಶ. ಫೋಟೊ ಅಲ್ಲ. ಮೀಡಿಯಾ ಲೈಬ್ರರಿಯಿಂದ ರಥಬೀದಿಯ ಫೋಟೊ ಡಿಲೀಟ್ ಮಾಡಿದ್ದರೆ, ಹಳೆಯ ಬರಹ ಬಂದರೂ ಫೋಟೊದ ಜಾಗ ಖಾಲಿ. ಯಾಕೆ ತಿದ್ದಿದಿರಿ ಎಂಬುದೂ ಅಲ್ಲಿ ಇರುವುದಿಲ್ಲ. ನೀವಿಬ್ಬರು ಒಂದು ಶೀಟ್‌ನಲ್ಲಿ ತಾರೀಕು, ಹೆಸರು, ಕಾರಣ ಒಂದೊಂದು ಸಾಲು ಬರೆದಿಟ್ಟರೆ ‘ಯಾರು ತೆಗೆದದ್ದು’ ಎಂಬ ಜಗಳ ಅರ್ಧ ಕಡಿಮೆ.

ಪರ್ಯಾಯದ ಲೇಖನಕ್ಕೆ ಇನ್ನೊಂದು ಮಾತು. ನೀವು ಎರಡು ವರ್ಷಕ್ಕೊಮ್ಮೆ ಮಠದ ಹೆಸರನ್ನು ಮಾತ್ರ ಬದಲಿಸುತ್ತಾ ಬಂದಿರಬೇಕು, ಅಲ್ವಾ? 2022ರಲ್ಲಿ ಕೃಷ್ಣಾಪುರ, 2024ರಲ್ಲಿ ಪುತ್ತಿಗೆ, 2026ರಲ್ಲಿ ಶೀರೂರು. ಹಳೆಯ ಹೆಸರುಗಳು ರಿವಿಷನ್‌ನಲ್ಲಿ ನಿಮಗೆ ಮಾತ್ರ ಕಾಣುತ್ತವೆ, ಓದುಗರಿಗೆ ಅಲ್ಲ. ಅವು ತಪ್ಪಲ್ಲ, ಚರಿತ್ರೆ. ಇಸವಿ ಸಮೇತ ಲೇಖನದಲ್ಲೇ ಇರಲಿ. ಕಾಗುಣಿತ ತಿದ್ದಿದ್ದನ್ನು ಯಾರಿಗೂ ಹೇಳಬೇಕಿಲ್ಲ. ಆದರೆ ತಾರೀಕೋ ಹೆಸರೋ ತಪ್ಪಾಗಿದ್ದು ಸರಿಪಡಿಸಿದರೆ, ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಿ.

ತಂಗಿ ತಿದ್ದುತ್ತಿರುವಾಗ ನೀವು ಅದೇ ಲೇಖನ ತೆರೆದರೆ, ಬೇರೆಯವರು ಎಡಿಟ್ ಮಾಡುತ್ತಿದ್ದಾರೆ ಎಂದು ವರ್ಡ್‌ಪ್ರೆಸ್ ಹೇಳುತ್ತದೆ. ‘ಟೇಕ್ ಓವರ್’ ಒತ್ತುವ ಮೊದಲು ಅವಳಿಗೊಂದು ಫೋನ್ ಮಾಡಿ.