ಗ್ಲಾಕ್ 19ಕ್ಕೆ ಟ್ರಿಗರ್ ಕಿಟ್ ಮನೆಯಲ್ಲೇ ಹಾಕಿಕೊಳ್ಳಬಹುದೇ?

ನಿಮ್ಮ ಪ್ರಶ್ನೆ ಹೀಗಿದೆ: ಟೆಕ್ಸಾಸ್‌ನಲ್ಲಿದ್ದೀರಿ, ಹೋದ ವರ್ಷ ಗ್ರೀನ್ ಕಾರ್ಡ್ ಬಂತು, ಜೆನ್ 3 (ಮೂರನೇ ತಲೆಮಾರಿನ) ಗ್ಲಾಕ್ 19 ಪಿಸ್ತೂಲು ತಗೊಂಡಿರಿ. ಟ್ರಿಗರ್ ಭಾರ ಅನ್ನಿಸುತ್ತಿದೆ, ಗುಂಡು ಎಡಕ್ಕೆ ಕೆಳಕ್ಕೆ ಹೋಗುತ್ತಿದೆ. ಕನೆಕ್ಟರ್, ಸ್ಪ್ರಿಂಗುಗಳು, ಅಲ್ಯೂಮಿನಿಯಂ ಟ್ರಿಗರ್ ಎಲ್ಲ ಸೇರಿದ ಕಿಟ್ ಒಂದನ್ನು ನೋಡಿಟ್ಟಿದ್ದೀರಿ. ವಿಡಿಯೊದಲ್ಲಿ ಇಪ್ಪತ್ತೇ ನಿಮಿಷದ ಕೆಲಸ ಅಂತ ತೋರಿಸುತ್ತಾರೆ, ನಾನೇ ಹಾಕಬಹುದಾ ಅಂತ ಕೇಳಿದ್ದೀರಿ.

ಹಾಕಬಹುದು. ಇಪ್ಪತ್ತು ನಿಮಿಷ ಅನ್ನುವುದೂ ನಿಜ. ಆದರೆ ಹಾಕಿದ ಮೇಲೆ ಮಾಡಬೇಕಾದ ಪರೀಕ್ಷೆಗೆ ಅದರ ಎರಡು ಪಟ್ಟು ಹೊತ್ತು ಬೇಕು, ಅದನ್ನು ಆ ವಿಡಿಯೊಗಳಲ್ಲಿ ಸರಿಯಾಗಿ ತೋರಿಸುವುದಿಲ್ಲ. ಅದನ್ನು ಬಿಟ್ಟು ನಾನು ಏನು ಮಾಡಿಕೊಂಡೆ ಅಂತ ಮೊದಲು ಹೇಳಿಬಿಡುತ್ತೇನೆ.

ನಾನು ಕೊಡಗಿನವನು, ಈಗ ಅರಿಜೋನಾದಲ್ಲಿದ್ದೇನೆ. ಮನೆಯಲ್ಲಿ ಕೋವಿ ನೋಡುತ್ತಲೇ ಬೆಳೆದವನು. ಅಪ್ಪ ಗದ್ದೆ ಕಾವಲಿನಿಂದ ಬಂದರೆ ಅಂಗಳದಲ್ಲೇ ಕೋವಿ ಮಡಚಿ ತೆರೆದು, ತೋಟಾ ತೆಗೆದು ಜೇಬಿಗೆ ಹಾಕಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿಯೇ ಮೆಟ್ಟಿಲು ಹತ್ತುತ್ತಿದ್ದರು. ಆ ಅಭ್ಯಾಸ ನನಗೂ ಇತ್ತು. ಹಾಗಾಗಿ ಪಿಸ್ತೂಲು ಬಿಚ್ಚುವುದರಲ್ಲಿ ನನಗೆ ಹೆದರಿಕೆ ಇರಲಿಲ್ಲ. ನೀವು ನೋಡಿಟ್ಟಂಥದ್ದೇ ಕಿಟ್ ತರಿಸಿ, ಒಂದು ಭಾನುವಾರ ಅಡುಗೆಮನೆ ಮೇಜಿನ ಮೇಲೆ ಕೂತು ಹಾಕಿದೆ. ಟ್ರಿಗರ್ ಬೆಣ್ಣೆಯಾಯಿತು. ಗುಂಡಿಲ್ಲದೆ ಐವತ್ತು ಸಲ ಎಳೆದು ನೋಡಿ ಖುಷಿಪಟ್ಟೆ.

ಮುಂದಿನ ವಾರ ಕ್ಲಬ್ಬಿಗೆ ಒಯ್ದೆ. ಅಲ್ಲಿ ಹಿರಿಯರೊಬ್ಬರಿದ್ದಾರೆ, ಪೊಲೀಸರ ಪಿಸ್ತೂಲು ರಿಪೇರಿ ಮಾಡಿಯೇ ನಿವೃತ್ತರಾದವರು. ಹೊಸ ಟ್ರಿಗರ್ ನೋಡಿ, ಕೊಡಿ ಇಲ್ಲಿ ಅಂದರು. ಛೇಂಬರ್, ಅಂದರೆ ತೋಟಾ ಕೂರುವ ಗೂಡು, ಖಾಲಿ ಇದೆ ಅಂತ ನನಗೂ ತೋರಿಸಿ, ತಾವೂ ಬೆರಳು ಹಾಕಿ ನೋಡಿದರು. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗವಾದ ಸ್ಲೈಡ್ ಎಳೆದು ಬಿಟ್ಟರು. ಆಮೇಲೆ ಟ್ರಿಗರ್ ನಡುವಿನ ನಾಲಿಗೆ ಮುಟ್ಟದೆ, ಟ್ರಿಗರಿನ ಎರಡು ಅಂಚನ್ನು ಮಾತ್ರ ಉಗುರಿನಲ್ಲಿ ಹಿಡಿದು ಹಿಂದಕ್ಕೆ ಒತ್ತಿದರು. ಟಕ್ ಅಂತ ಸ್ಟ್ರೈಕರ್, ಅಂದರೆ ತೋಟಾದ ಹಿಂಬದಿಗೆ ಬಡಿಯುವ ಸೂಜಿ, ಬಿತ್ತು. ಬೀಳಬಾರದಿತ್ತು. ಆ ನಾಲಿಗೆಯೇ ಟ್ರಿಗರ್ ಸೇಫ್ಟಿ. ನಾನು ಒಂದು ವಾರ ಆ ಸೇಫ್ಟಿ ಇಲ್ಲದ ಪಿಸ್ತೂಲನ್ನು ಮನೆಯಲ್ಲಿ ಇಟ್ಟುಕೊಂಡಿದ್ದೆ. ಮನೆಯಲ್ಲಿ ಏಳು ವರ್ಷದ ಮಗಳಿದ್ದಾಳೆ. ಅವತ್ತು ಒಂದು ಗುಂಡೂ ಹಾರಿಸದೆ ಮನೆಗೆ ಬಂದೆ.

ಯಾಕೆ ಹಾಗಾಯಿತು ಅಂತ ಅರ್ಥವಾಗಬೇಕಾದರೆ ಗ್ಲಾಕ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿರಬೇಕು. ನಮ್ಮ ಊರಿನ ಹಳೆಯ ಕೋವಿಗೆ ಕಣ್ಣಿಗೆ ಕಾಣುವ ಕುದುರೆ (ಬಡಿಯುವ ಹ್ಯಾಮರ್) ಇರುತ್ತದೆ, ಅದು ಎದ್ದಿದೆಯೋ ಬಿದ್ದಿದೆಯೋ ದೂರದಿಂದಲೇ ತಿಳಿಯುತ್ತದೆ. ಗ್ಲಾಕ್‌ಗೆ ಕುದುರೆ ಇಲ್ಲ, ಹೊರಗೆ ಸೇಫ್ಟಿ ಗುಂಡಿಯೂ ಇಲ್ಲ. ಸ್ಲೈಡ್ ಒಳಗೆ ಸ್ಟ್ರೈಕರ್ ಅರ್ಧ ಎಳೆದ ಸ್ಥಿತಿಯಲ್ಲಿ ಕೂತಿರುತ್ತದೆ. ನೀವು ಟ್ರಿಗರ್ ಎಳೆದಾಗ ಅದಕ್ಕೆ ಜೋಡಿಸಿದ ಉದ್ದ ಪಟ್ಟಿ, ಅಂದರೆ ಟ್ರಿಗರ್ ಬಾರ್‌ನ ಹಿಂದಿನ ಶಿಲುಬೆಯಾಕಾರದ ತುದಿ ಸ್ಟ್ರೈಕರನ್ನು ಪೂರ್ತಿ ಹಿಂದಕ್ಕೆ ಎಳೆಯುತ್ತದೆ. ಕೊನೆಯಲ್ಲಿ ಕನೆಕ್ಟರ್‌ನ ಓರೆ ಆ ತುದಿಯನ್ನು ಕೆಳಕ್ಕೆ ತಳ್ಳುತ್ತದೆ, ಸ್ಟ್ರೈಕರ್ ಬಿಟ್ಟುಕೊಳ್ಳುತ್ತದೆ. ಸೇಫ್ಟಿ ಮೂರಿವೆ, ಮೂರೂ ಈ ದಾರಿಯಲ್ಲೇ ಇವೆ. ಒಂದು, ಟ್ರಿಗರ್ ನಡುವಿನ ನಾಲಿಗೆ. ಎರಡು, ಸ್ಲೈಡಿನಲ್ಲಿ ಸ್ಟ್ರೈಕರಿಗೆ ಅಡ್ಡ ನಿಲ್ಲುವ ಪುಟ್ಟ ಗುಂಡಿ, ಅದನ್ನು ಟ್ರಿಗರ್ ಬಾರ್ ಮೇಲಕ್ಕೆತ್ತಿದರೆ ಮಾತ್ರ ದಾರಿ ತೆರೆಯುತ್ತದೆ. ಮೂರನೆಯದು ಡ್ರಾಪ್ ಸೇಫ್ಟಿ: ಶಿಲುಬೆಯ ತೋಳು ಹೌಸಿಂಗ್‌ನ (ಟ್ರಿಗರ್ ಬಾರ್‌ನ ಹಿಂತುದಿ ಕೂರುವ ಗೂಡಿನ) ಒಂದು ಅಂಚಿನ ಮೇಲೆ ಕೂತಿರುತ್ತದೆ, ಹಿಂದಕ್ಕೆ ಸರಿಯದೆ ಅದು ಕೆಳಕ್ಕೆ ಇಳಿಯಲಾರದು.

ಅಂದರೆ ಈ ಪಿಸ್ತೂಲಿನಲ್ಲಿ ಟ್ರಿಗರ್ ಬೇರೆ, ಸೇಫ್ಟಿ ಬೇರೆ ಅಂತಿಲ್ಲ. ಒಂದನ್ನು ಮುಟ್ಟಿದರೆ ಇನ್ನೊಂದನ್ನು ಮುಟ್ಟಿದ ಹಾಗೆ. ನನ್ನ ಕಿಟ್‌ನಲ್ಲಿ ಟ್ರಿಗರಿನ ಮುಂದಿನ ಖಾಲಿ ಓಟ ಕಡಿಮೆ ಮಾಡಲು ಒಂದು ಸಣ್ಣ ಸ್ಕ್ರೂ ಇತ್ತು. ಆಸೆಯಿಂದ ಅರ್ಧ ಸುತ್ತು ಜಾಸ್ತಿ ತಿರುಗಿಸಿದ್ದೆ. ಟ್ರಿಗರ್ ಹಿಂದೆ ಸರಿದು ಕೂತಿತು, ನಾಲಿಗೆಯ ಬಾಲ ಫ್ರೇಮಿಗೆ ತಾಗಿ ತಡೆಯಬೇಕಾದ ಜಾಗ ದಾಟಿ ಹೋಯಿತು. ಅದೇ ಸ್ಕ್ರೂ ಇನ್ನೂ ಸ್ವಲ್ಪ ತಿರುಗಿದ್ದರೆ ಟ್ರಿಗರ್ ಬಾರ್ ಆ ಎರಡನೇ ಸೇಫ್ಟಿಯ ಗುಂಡಿಯನ್ನೂ ಯಾವಾಗಲೂ ಅರ್ಧ ಎತ್ತಿಯೇ ಇಡುತ್ತಿತ್ತು.

ನಾಲಿಗೆ ಇಲ್ಲದಿದ್ದರೆ ಏನಾಗುತ್ತದೆ ಅಂತ ಕೇಳಬಹುದು. ಪಿಸ್ತೂಲು ಹಿಂಬದಿ ಕೆಳಗಾಗಿ ಬಿದ್ದರೆ ಟ್ರಿಗರಿನ ಸ್ವಂತ ತೂಕವೇ ಅದನ್ನು ಹಿಂದಕ್ಕೆ ಒಯ್ಯಬಹುದು. 2017ರಲ್ಲಿ ಸಿಗ್ ಸಾವರ್ ಪಿ320 ಪಿಸ್ತೂಲುಗಳು ಕೆಲವು ಕೋನದಲ್ಲಿ ಬಿದ್ದಾಗ ಗುಂಡು ಹಾರುತ್ತದೆ ಅಂತ ಬಯಲಾಯಿತು. ಆ ಆಗಸ್ಟ್‌ನಲ್ಲಿ ಕಂಪನಿ ಅಪ್‌ಗ್ರೇಡ್ ಕಾರ್ಯಕ್ರಮ ಘೋಷಿಸಿತು, ಅದರಲ್ಲಿ ಹಾಕಿಕೊಟ್ಟ ಭಾಗಗಳಲ್ಲಿ ಹಗುರ ಟ್ರಿಗರ್ ಕೂಡ ಒಂದು. ನೀವು ಪ್ಲಾಸ್ಟಿಕ್ ಟ್ರಿಗರ್ ತೆಗೆದು ಲೋಹದ್ದು ಹಾಕಲು ಹೊರಟಿದ್ದೀರಿ, ಇದು ನೆನಪಿರಲಿ.

ಈಗ ನನ್ನ ಸಲಹೆ. ಇಡೀ ಕಿಟ್ ಬೇಡ. ಬದಲಿಸಲೇಬೇಕಾದರೆ ಬರೀ ಕನೆಕ್ಟರ್ ಬದಲಿಸಿ. ಕಾರ್ಖಾನೆಯಿಂದ ಬಂದಾಗ ಟ್ರಿಗರ್ ಸುಮಾರು 5.5 ಪೌಂಡ್, ನಮ್ಮ ಲೆಕ್ಕದಲ್ಲಿ ಎರಡೂವರೆ ಕಿಲೋ ಇರುತ್ತದೆ. ಗ್ಲಾಕ್‌ನದ್ದೇ ಮೈನಸ್ ಗುರುತಿನ ಕನೆಕ್ಟರನ್ನು 3.5 ಪೌಂಡ್ ಅಂತ ಮಾರುತ್ತಾರೆ, ನನ್ನ ಗೇಜಿನಲ್ಲಿ ನಾಲ್ಕೂವರೆ ತೋರಿಸಿತು. ಸಾಕು, ಅಷ್ಟರಲ್ಲೇ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಹಗುರ ಸ್ಟ್ರೈಕರ್ ಸ್ಪ್ರಿಂಗ್ ಮಾತ್ರ ಹಾಕಲೇಬೇಡಿ. ಪೆಟ್ಟು ಮೆದುವಾಗಿ ಗಟ್ಟಿ ಪ್ರೈಮರ್ (ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ) ಇರುವ ತೋಟಾ ಹೊತ್ತಿಕೊಳ್ಳುವುದಿಲ್ಲ. ನನಗೆ ಒಂದು ಸ್ಪರ್ಧೆಯಲ್ಲಿ ಹತ್ತರಲ್ಲಿ ಎರಡು ಠುಸ್ ಅಂದವು, ಪ್ರೈಮರ್ ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು. ಟ್ರಿಗರ್ ಸ್ಪ್ರಿಂಗ್ ವಿಷಯ ತಿರುವುಮುರುವು: ಜೆನ್ 3ರಲ್ಲಿ ಆ ಸ್ಪ್ರಿಂಗ್ ನಿಮ್ಮ ಬೆರಳಿಗೆ ಸಹಾಯ ಮಾಡುತ್ತದೆ, ಹಾಗಾಗಿ ಅದು ಬಿಗಿಯಾದಷ್ಟೂ ಟ್ರಿಗರ್ ಹಗುರ.

ಗುಂಡು ಎಡಕ್ಕೆ ಕೆಳಕ್ಕೆ ಹೋಗುವುದು ಬಲಗೈಯವರಾದರೆ ಹೆಚ್ಚಾಗಿ ಬೆರಳಿನ ತಪ್ಪು, ಟ್ರಿಗರಿನದ್ದಲ್ಲ. ದಿನಕ್ಕೆ ಹತ್ತು ನಿಮಿಷದಂತೆ ಒಂದು ತಿಂಗಳು ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿ, ಆಮೇಲೂ ಬೇಕೆನಿಸಿದರೆ ಕನೆಕ್ಟರ್ ತರಿಸಿ. ಇದೇ ಪಿಸ್ತೂಲನ್ನು ಮನೆ ಕಾಯಲು ಇಟ್ಟುಕೊಂಡಿದ್ದರೆ ಕಾರ್ಖಾನೆಯದ್ದೇ ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗಾಬರಿಯಲ್ಲಿ ಕೈ ನಡುಗುವಾಗ ಆ ಎರಡೂವರೆ ಕಿಲೋ ನಿಮ್ಮ ಮಿತ್ರ.

ಹಾಕುವಾಗ: ತೋಟಾ ಎಲ್ಲ ಬೇರೆ ಕೋಣೆಯಲ್ಲಿರಲಿ. ಗ್ಲಾಕ್‌ನಲ್ಲಿ ಸ್ಲೈಡ್ ಬಿಚ್ಚಬೇಕಾದರೆ ಟ್ರಿಗರ್ ಎಳೆಯಲೇಬೇಕು, ಬಹಳ ಜನ ಗುಂಡು ಹಾರಿಸಿಕೊಳ್ಳುವುದು ಆ ಗಳಿಗೆಯಲ್ಲೇ. ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದಕ್ಕೆ ನಿಲ್ಲಿಸಿ, ಛೇಂಬರಿಗೆ ಕಿರುಬೆರಳು ಹಾಕಿ ನೋಡಿ. ಕಣ್ಣಿಗೆ ಕನ್ನಡಕ ಇರಲಿ, ಸ್ಲೈಡಿನ ಹಿಂದಿನ ತಟ್ಟೆ ತೆಗೆದರೆ ಸ್ಪ್ರಿಂಗ್ ಹಾರುತ್ತದೆ. ಬೇಕಾದ ಸಾಮಾನು ಒಂದೇ, 3/32 ಇಂಚಿನ ಪಂಚ್. ಫ್ರೇಮಿನ ಮೂರು ಪಿನ್ನುಗಳಲ್ಲಿ ಮೇಲಿನ ಲಾಕಿಂಗ್ ಬ್ಲಾಕ್ ಪಿನ್ ಮೊದಲು ತೆಗೆಯಬೇಕು. ಟ್ರಿಗರ್ ಪಿನ್ ಬಾರದಿದ್ದರೆ ಸುತ್ತಿಗೆ ಎತ್ತಬೇಡಿ, ಸ್ಲೈಡ್ ಸ್ಟಾಪ್ ಲಿವರನ್ನು ಹಿಂದೆ ಮುಂದೆ ಆಡಿಸುತ್ತಾ ತಳ್ಳಿದರೆ ಸಲೀಸಾಗಿ ಬರುತ್ತದೆ. ಒಳಗಿನದನ್ನು ಹೊರಗೆ ತೆಗೆದ ತಕ್ಷಣ, ಬಿಡಿಸುವ ಮುಂಚೆ, ಫೋನಿನಲ್ಲಿ ಎರಡೂ ಪಕ್ಕದ ಫೋಟೊ ತೆಗೆದಿಟ್ಟುಕೊಳ್ಳಿ. ಟ್ರಿಗರ್ ಸ್ಪ್ರಿಂಗ್ ತಿರುಗಾಮುರುಗಾ ಹಾಕುವುದು ಎಲ್ಲರೂ ಮಾಡುವ ತಪ್ಪು. ಜೆನ್ 5ರ ಭಾಗ ನಿಮ್ಮದಕ್ಕೆ ಆಗುವುದಿಲ್ಲ. ಕನೆಕ್ಟರಿಗೆ ಪಾಲಿಶ್ ಹಚ್ಚಿ ಉಜ್ಜಿದರೆ ಪರವಾಗಿಲ್ಲ, ಅರ ಮುಟ್ಟಿಸಿ ಓರೆ ಬದಲಿಸಿದರೆ ಆ ಕನೆಕ್ಟರ್ ಕಸಕ್ಕೆ.

ಇನ್ನು ಪರೀಕ್ಷೆ. ಕೂಡಿಸಿದ ಮೇಲೆ ಆ ಹಿರಿಯರು ಮಾಡಿದ್ದನ್ನೇ ಮಾಡಿ: ನಾಲಿಗೆ ಬಿಟ್ಟು ಅಂಚು ಹಿಡಿದು ಒತ್ತಿ, ಟ್ರಿಗರ್ ಹಿಂದಕ್ಕೆ ಹೋಗಬಾರದು. ಆಮೇಲೆ ಸ್ಲೈಡ್ ಬಿಚ್ಚಿ ಕೈಯಲ್ಲಿ ಹಿಡಿದು, ಸ್ಟ್ರೈಕರನ್ನು ಹಿಂದಕ್ಕೆ ಎಳೆದು ಮೆಲ್ಲಗೆ ಮುಂದಕ್ಕೆ ಬಿಟ್ಟು ಒತ್ತಿ. ಪುಟ್ಟ ಗುಂಡಿ ಅದನ್ನು ತಡೆಯಬೇಕು, ಮುಂದಿನ ತೂತಿನಲ್ಲಿ ಸೂಜಿ ಕಾಣಬಾರದು. ಗುಂಡಿ ಒತ್ತಿದಾಗ ಮಾತ್ರ ಕಾಣಬೇಕು. ಮೂರನೆಯದಕ್ಕೆ ಹಿಂದಿನ ತಟ್ಟೆಯ ಜಾಗದಲ್ಲಿ ಹಾಕುವ, ಕಿಟಕಿ ಕೊರೆದ ಕಿತ್ತಳೆ ಬಣ್ಣದ ತಟ್ಟೆ ಸಿಗುತ್ತದೆ, ಅದನ್ನು ಕನೆಕ್ಟರ್ ಜೊತೆಗೇ ತರಿಸಿಕೊಳ್ಳಿ. ಅದರೊಳಗಿಂದ ಇಣುಕಿದರೆ ಶಿಲುಬೆಯ ತುದಿ ಸ್ಟ್ರೈಕರಿನ ಕಾಲನ್ನು ಎಷ್ಟು ಹಿಡಿದಿದೆ ಅಂತ ಕಾಣುತ್ತದೆ. ಮೂರರಲ್ಲಿ ಎರಡು ಪಾಲಾದರೂ ಹಿಡಿದಿರಬೇಕು. ನೋಡಿದ ಮೇಲೆ ಮಾಮೂಲಿ ತಟ್ಟೆ ವಾಪಸ್ ಹಾಕಿ, ಕಿತ್ತಳೆಯದ್ದರಲ್ಲಿ ಗುಂಡು ಹಾರಿಸಬಾರದು. ಖಾಲಿ ಪಿಸ್ತೂಲಿನ ಸ್ಲೈಡ್ ಎಳೆದು ಬಿಟ್ಟು ಅದರ ಹಿಡಿಯನ್ನು ಅಂಗೈಯಿಂದ ಜೋರಾಗಿ ಬಡಿಯಿರಿ, ಸ್ಟ್ರೈಕರ್ ಬೀಳಬಾರದು. ಟ್ರಿಗರ್ ಒತ್ತಿ ಹಿಡಿದು ಸ್ಲೈಡ್ ಎಳೆದು ಬಿಟ್ಟು, ಬೆರಳನ್ನು ನಿಧಾನ ಮುಂದಕ್ಕೆ ಬಿಡಿ, ಟ್ರಿಗರ್ ಮತ್ತೆ ಸಿದ್ಧವಾಯಿತು ಅನ್ನುವ ರೀಸೆಟ್ ಕ್ಲಿಕ್ ಕೇಳಬೇಕು. ಇಷ್ಟನ್ನೂ ಒಂದು ಸಲ ಅಲ್ಲ, ಹತ್ತು ಹತ್ತು ಸಲ.

ಕಾನೂನು. ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ತೊಂದರೆಯಿಲ್ಲ. ಎಚ್-1ಬಿಯಲ್ಲಿರುವವರು ಇದನ್ನು ಓದುತ್ತಿದ್ದರೆ, ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ, ಕಿಟ್ ಮಾತು ಆಮೇಲೆ. ನಿಮ್ಮ ಪಿಸ್ತೂಲಿನ ಟ್ರಿಗರ್ ಬದಲಿಸುವುದಕ್ಕೆ ಫೆಡರಲ್ ಕಾನೂನಿನ ಅಡ್ಡಿ ಇಲ್ಲ. ಆದರೆ ಒಂದು ಸಲ ಎಳೆದರೆ ಒಂದಕ್ಕಿಂತ ಹೆಚ್ಚು ಗುಂಡು ಹೋಗುವಂತೆ ಮಾಡುವ ಯಾವ ಭಾಗವೂ 1934ರ ಕಾಯ್ದೆಯ ಪ್ರಕಾರ ಮೆಷಿನ್ ಗನ್, ಹತ್ತು ವರ್ಷದವರೆಗೆ ಜೈಲು. ಅಂಥದ್ದರ ಹತ್ತಿರ ಸುಳಿಯಬೇಡಿ. ಭಾರತದಿಂದ ಓದುವವರಿಗೆ: 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ರಿಪೇರಿ ಮಾಡುವಂತಿಲ್ಲ, ಮಾರ್ಪಡಿಸುವಂತಿಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮ್ಮ ಕೊಡವರಿಗಿರುವ ವಿನಾಯಿತಿಯನ್ನು ಇದಕ್ಕೆ ಅನ್ವಯಿಸಿಕೊಳ್ಳಬೇಡಿ. ಲೈಸೆನ್ಸ್ ಇರುವ ಕೆಲಸಗಾರರ ಹತ್ತಿರವೇ ಒಯ್ಯಿರಿ.

ರೇಂಜಿಗೆ ಹೋದಾಗ ಮ್ಯಾಗಜಿನ್ ತುಂಬಿಸಬೇಡಿ. ಒಂದೇ ತೋಟಾ ಹಾಕಿ ಹಾರಿಸಿ. ಸರಿಯಿದ್ದರೆ ಎರಡು ಹಾಕಿ, ಒಂದು ಸಲ ಎಳೆದರೆ ಒಂದೇ ಹೋಗಬೇಕು. ಎರಡೂ ಒಟ್ಟಿಗೆ ಹೋದರೆ ಅಲ್ಲೇ ನಿಲ್ಲಿಸಿ, ಮನೆಗೆ ಬಂದು ಹಳೆಯ ಭಾಗಗಳನ್ನೇ ವಾಪಸ್ ಹಾಕಿ. ಅದಕ್ಕೇ ಹಳೆಯವನ್ನು ಒಂದು ಡಬ್ಬಿಯಲ್ಲಿ ಚೀಟಿ ಅಂಟಿಸಿ ಇಟ್ಟಿರಿ ಅನ್ನುವುದು. ಎರಡರ ಪರೀಕ್ಷೆಯನ್ನು ಐದಾರು ಸಲ ಮಾಡಿದ ಮೇಲೆ ಪೂರ್ತಿ ತುಂಬಿಸಿ.

ನೀವು ಈಗಾಗಲೇ ಹಾಕಿಬಿಟ್ಟಿದ್ದರೆ, ಇವತ್ತೇ ಪಿಸ್ತೂಲು ಖಾಲಿ ಮಾಡಿ ಆ ಉಗುರಿನ ಪರೀಕ್ಷೆ ಒಂದನ್ನು ಮಾಡಿ, ಏನಾಯಿತು ಅಂತ ಇಲ್ಲಿ ಬರೆಯಿರಿ. ನಾನು ನೋಡುತ್ತಿರುತ್ತೇನೆ.